ಹಾಲಿಗೆ ಪಾಠದಲ್ಲಿ ಕೆಲಸವಿಲ್ಲ

ಆಗಲೇ ಎರಡು ಸಲ ಗಡಿಯಾರ ನೋಡಿರುವ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಸಹೋದ್ಯೋಗಿಗಳೇ, ಮುಂದೆ ಧರ್ಮಶಿಕ್ಷಣದ ಅಧ್ಯಾಪಕರಾಗಲಿರುವ ವಿದ್ಯಾರ್ಥಿಗಳೇ, ಹಿಂದಿನ ಸಾಲಿನ ಸಭಿಕರೇ,

ನನ್ನನ್ನು ಬೀಳ್ಕೊಡಲು ಇಷ್ಟೊಂದು ಜನ ಬಂದಿದ್ದೀರಿ. ಪ್ರೀತಿಯಿಂದಲೋ, ನಾನು ಹೋಗುವುದನ್ನು ಖಾತ್ರಿ ಮಾಡಿಕೊಳ್ಳಲೋ, ಕೇಳುವುದಿಲ್ಲ.

ಇಪ್ಪತ್ತಾರು ವರ್ಷ ಈ ಕಾಲೇಜಿನ ಮಾಧ್ಯಮ ಕೊಠಡಿಯಲ್ಲಿ ನಾನು ಕಲಿಸಿದ್ದೇನು? ದೇವರ ವಿಷಯ ಕಲಿಸಲು ಬೇರೆಯವರಿದ್ದರು. ಸಂತರ ಚಿತ್ರ ಪರದೆಯ ಮೇಲೆ ತಲೆಕೆಳಗಾಗಿ ಬೀಳದಂತೆ ನೋಡಿಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ. ಅದೂ ಎರಡು ಸಲ ತಪ್ಪಿತು. ಒಮ್ಮೆ ತಪಾಸಣೆಯ ದಿನವೇ.

ಧ್ವನಿಮುದ್ರಣದ ಪಾಠ ನಿಮಗೆಲ್ಲ ನೆನಪಿರಬೇಕು. 'ಪ್ರಾರ್ಥನೆ' ಎಂಬ ಪಾಠಕ್ಕೆ ಒಂದು ಧ್ವನಿ ಬೇಕಿತ್ತು. ನಮ್ಮ ಮನೆಯವರನ್ನು ಅಡುಗೆಮನೆಯಲ್ಲೇ ನಿಲ್ಲಿಸಿ ಪ್ರಾರ್ಥನೆ ಹೇಳಿಸಿದೆ. ಒಮ್ಮೆ ಹೇಳಿದರು. ಇನ್ನೊಮ್ಮೆ ಎಂದೆ. ಮೂರನೆಯದಕ್ಕೆ ಅವರ ತಾಳ್ಮೆ ಮುಗಿಯಿತು.

"ರೀ, ಸಾಕು ಮಾಡ್ರೀ. ದೇವರಿಗೆ ಒಂದ್ಸಲ ಹೇಳಿದ್ರೂ ಕೇಳಿಸುತ್ತೆ. ಅಲ್ಲಿ ಹಾಲು ಉಕ್ತಾ ಇದೆ."

ಅದೂ ಮುದ್ರಣವಾಯಿತು. ಒಳ್ಳೆಯದೇ ಆಯಿತೆಂದುಕೊಂಡೆ. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಅದರ ಪ್ರತಿ ಕೊಟ್ಟು, ಬೇಡದ ಸದ್ದು ಕತ್ತರಿಸಿ ತನ್ನಿ ಎನ್ನುತ್ತಿದ್ದೆ. ಎಲ್ಲರೂ ಕತ್ತರಿಸಿದರು. ಒಬ್ಬಳನ್ನು ಬಿಟ್ಟು.

ಅವಳು ಹಾಲಿನ ಮಾತನ್ನು ಹಾಗೇ ಉಳಿಸಿಕೊಂಡು ಬಂದಳು. ಯಾಕಮ್ಮಾ ಎಂದು ಕೇಳಿದೆ.

"ಸರ್, ಇದನ್ನ ತೆಗೆದ್ರೆ, ಪ್ರಾರ್ಥನೆ ಮಾಡೋರು ನಮ್ಮ ಮನೆಯವರ ಥರಾನೇ ಇರ್ತಾರೆ ಅಂತ ಮಕ್ಕಳಿಗೆ ಹೇಗೆ ಗೊತ್ತಾಗುತ್ತೆ?"

"ಪಾಠದಲ್ಲಿ ಹಾಲಿಗೆ ಕೆಲಸವಿಲ್ಲ" ಎಂದು ಬರೆದು ಇಪ್ಪತ್ತಕ್ಕೆ ನಾಲ್ಕು ಕೊಟ್ಟೆ, ಕೆಂಪು ಶಾಯಿಯಲ್ಲಿ. ಆ ಪ್ರತಿಯನ್ನು ಅವಳಿಗೇ ವಾಪಸು ಕೊಟ್ಟೆ. ಮನೆಯಲ್ಲಿ ಹೇಳಿದರೆ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಪ್ಪತ್ತೂ ಕೊಡಿ, ಪಾಪ" ಎಂದರು. ನಾನು ಕೊಡಲಿಲ್ಲ. ಹಳೆಯ ಯಂತ್ರ ಬದಲಾಯಿಸುವಾಗ, ಕತ್ತರಿಸಿದ ಪ್ರತಿಯಿದೆಯಲ್ಲ ಎಂದು ಮೂಲವನ್ನು ನಾನೇ ಎಸೆದೆ.

ಮನೆಯವರು ತೀರಿಹೋಗಿ ಮೂರು ವರ್ಷವಾಯಿತು. ಸಭಿಕರೇ, ನನ್ನ ಕಷ್ಟ ನಿಮಗೆ ಅರ್ಥವಾಗುತ್ತಿದೆಯೇ? ಅವರು ದೇವರಿಗೆ ಹೇಳಿದ್ದು ನನ್ನ ಕಪಾಟಿನಲ್ಲಿ ನೂರಾರು ಪ್ರತಿ ಇದೆ. ನನಗೆ ಹೇಳಿದ್ದು ಒಂದೂ ಇಲ್ಲ. ಮೂರು ವರ್ಷ ಆ ಕಪಾಟನ್ನು ಜಾಲಾಡಿದೆ. ಎಷ್ಟು ಚೆನ್ನಾಗಿ ಕಲಿಸಿದ್ದೇನೆ ಎಂದರೆ, ನನ್ನ ಶಿಷ್ಯರು ಒಂದು ಚೂರೂ ಉಳಿಸಿಲ್ಲ.

ನಿನ್ನೆ ಮಾಧ್ಯಮ ಕೊಠಡಿಯ ಕೀಲಿಕೈಯನ್ನು ಹೊಸ ಅಧ್ಯಾಪಕಿಗೆ ಒಪ್ಪಿಸಿದೆ. ಅದೇ ನಾಲ್ಕು ಅಂಕದ ಹುಡುಗಿ. ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದಳು. ಪ್ರಾರ್ಥನೆ ಮುಗಿಯಿತು. ಆಮೇಲೆ "ರೀ" ಎಂದರು.

ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಈ ತಾಯಿ ಬಾಗಿಲು ಮುಂದೆಳೆದುಕೊಂಡು ಹೊರಗೆ ನಿಂತಿದ್ದಳು.

ಅಂಕ ತಿದ್ದುವ ಅಧಿಕಾರ ಕೀಲಿಕೈ ಜೊತೆಗೇ ಹೋಯಿತಮ್ಮಾ. ತಪ್ಪು ನನ್ನದೆಂದು ಈ ಸಭೆಯಲ್ಲಿ ಹೇಳುವ ಅಧಿಕಾರ ಇನ್ನೂ ಇದೆ, ಹೇಳುತ್ತಿದ್ದೇನೆ.

ಅಧ್ಯಕ್ಷರು ಮೂರನೇ ಸಲ ಗಡಿಯಾರ ನೋಡಿದರು. ನೋಡಲಿ, ಅವರಿಗಿಂತ ಮೊದಲೇ ನನಗೆ ಅಪ್ಪಣೆಯಾಗಿದೆ: ಸಾಕು ಮಾಡ್ರೀ, ಒಂದ್ಸಲ ಹೇಳಿದ್ರೂ ಕೇಳಿಸುತ್ತೆ. ಹಾಗಾಗಿ ಒಂದೇ ಸಲ ಹೇಳುತ್ತೇನೆ. ನಿಮಗೆಲ್ಲ ಧನ್ಯವಾದ. ನಮಸ್ಕಾರ.