ಹದಿನೇಳನೆಯ ಡಬ್ಬಿಯ ಸೊನ್ನೆ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಯೋಗಾಲಯದ ನಿರ್ದೇಶಕರೇ, ಅವರ ಬಲಕ್ಕೆ ಕುಳಿತಿರುವ ಅರಣ್ಯ ಇಲಾಖೆಯ ಅಧಿಕಾರಿಗಳೇ, ಎಡಕ್ಕೆ ಕುಳಿತಿರುವ ಶಾಲೆಯ ಮುಖ್ಯೋಪಾಧ್ಯಾಯಿನಿಯವರೇ, ಮೂವತ್ತೊಂದು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮೂರನೇ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ನನ್ನ ಯಜಮಾನರೇ, ಸಭಿಕರೇ.

ಐದು ನಿಮಿಷ ಮಾತಾಡಿ ಸಾಕು ಎಂದು ನಿರ್ದೇಶಕರು ಹೇಳಿದ್ದಾರೆ. ಎರಡು ಪುಟ ಬರೆದುಕೊಂಡೂ ಬಂದಿದ್ದೇನೆ. ಆದರೆ ಸರ್ ತಮ್ಮ ಭಾಷಣದಲ್ಲಿ ಈ ಕೈಗಳನ್ನು ತೋರಿಸಿ, "ಊರಿನ ಮಕ್ಕಳನ್ನು ಉಳಿಸಿದ ಕೈಗಳಿವು" ಅಂದರಲ್ಲ, ಆಗಿನಿಂದ ಕೈ ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ. ಸ್ವಲ್ಪ ನೀರು ಕುಡಿಯುತ್ತೇನೆ, ಕ್ಷಮಿಸಿ.

ನನ್ನ ಕೆಲಸ ಏನೆಂದು ಇಲ್ಲಿರುವ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಊರಂಚಿನ ಮಂಗಗಳ ಮಲ ಪರೀಕ್ಷೆ. ಬೇರೆಯವರು ಕಚೇರಿಗೆ ಹೋಗಿ ತಲೆ ತಗ್ಗಿಸಿ ಕೆಲಸ ಮಾಡುತ್ತಾರೆ, ನಾನು ಮರದ ಕೆಳಗೆ ನಿಂತು ತಲೆ ಎತ್ತಿ ಕಾಯುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಸೊಸೆಗೆ ಸರ್ಕಾರಿ ಕೆಲಸವಂತೆ ಎಂದು ನಮ್ಮ ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಎಂಥ ಕೆಲಸ ಎಂದು ಯಾರೋ ಕೇಳಿದ ಮೇಲೆ ಹೇಳುವುದನ್ನು ನಿಲ್ಲಿಸಿದರು.

ನಗಿ, ಪರವಾಗಿಲ್ಲ. ನಾನೂ ನಕ್ಕಿದ್ದೇನೆ. ಆದರೆ ಆ ಡಬ್ಬಿಗಳನ್ನು ತಂದು, ರೋಗಾಣು ಬೆಳೆಸುವ ತಟ್ಟೆಗೆ ಸವರಿ, ಒಂದು ರಾತ್ರಿ ಬೆಚ್ಚಗಿಟ್ಟು, ಮರುದಿನ ಮುಚ್ಚಳ ತೆಗೆದಾಗ ನಗು ನಿಂತುಹೋಗುತ್ತದೆ. ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಭಯವಿಲ್ಲ. ಅವುಗಳ ನಡುವೆ ಬಣ್ಣವೇ ಇಲ್ಲದ ಚುಕ್ಕೆಗಳು ಕಂಡರೆ ಮುಂದಿನ ಪರೀಕ್ಷೆ. ರಕ್ತಭೇದಿ ತರುವ ಶಿಗೆಲ್ಲ ಎಂಬ ರೋಗಾಣು ಹಾಗೇ ಕಾಣುವುದು. ಅದರ ಬಗ್ಗೆ ಒಂದು ಮಾತು ನೆನಪಿಟ್ಟುಕೊಳ್ಳಿ. ಅದು ಹೆಚ್ಚಾಗಿ ಮನುಷ್ಯರ ಹೊಟ್ಟೆಯ ರೋಗಾಣು. ಮಂಗಗಳಿಗೆ ಬಂದರೆ, ಎಷ್ಟೋ ಸಲ ನಮ್ಮಿಂದಲೇ ಬಂದಿರುತ್ತದೆ.

ಈ ವಾಕ್ಯ ನನ್ನ ಎರಡು ಪುಟಗಳಲ್ಲಿ ಇರಲಿಲ್ಲ. ಬಂದುಬಿಟ್ಟಿತು.

ಇರಲಿ, ತಮಾಷೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಡಬ್ಬಿಯ ಮುಚ್ಚಳ ಒಂದು ನಾಣ್ಯದಷ್ಟು ಅಗಲ. ಅದರ ಮೇಲೆ ಪೂರ್ತಿ ಪದ ಹಿಡಿಸುವುದಿಲ್ಲ. ಹಾಗಾಗಿ ಮಂಗನ ಡಬ್ಬಿಗೆ "ಮಂ", ಮನುಷ್ಯರ ಡಬ್ಬಿಗೆ ಬರೀ "ಮ" ಎಂದು ಬರೆಯುವುದು ರೂಢಿ. ಹಿಂದಿನ ಹೆಡ್ ಗುಮಾಸ್ತರು ಹೊಸಬರಿಗೆಲ್ಲ ಹೇಳುತ್ತಿದ್ದರು, "ನೋಡ್ರಪ್ಪಾ, ಮಂಗನಿಗೂ ಮನುಷ್ಯನಿಗೂ ಒಂದೇ ಸೊನ್ನೆ ವ್ಯತ್ಯಾಸ. ಹುಷಾರಾಗಿ ಇಡಿ." ಮೂವತ್ತೊಂದು ವರ್ಷ ಹುಷಾರಾಗಿಯೇ ಇಟ್ಟೆ. ಒಂದು ಸಲ ಬಿಟ್ಟು.

ನಮ್ಮವರು ತಲೆ ಬಗ್ಗಿಸಿ ಕೂತಿದ್ದಾರೆ. ಅವರು ದರ್ಜಿ, ಬಟ್ಟೆ ಎಲ್ಲಿ ಹರಿಯುತ್ತದೆ ಎಂಬುದು ಮೊದಲೇ ಗೊತ್ತಾಗಿಬಿಡುತ್ತದೆ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಬೀದಿಯ ಕುಡಿಯುವ ನೀರಿನ ಪೈಪು ಚರಂಡಿಯ ಪಕ್ಕದಲ್ಲೇ ಹೋಗುತ್ತದೆ, ಅಲ್ಲಿಂದ ಮುಂದೆ ಶಾಲೆಗೆ. ಆ ವಾರ ನಲ್ಲಿಯಲ್ಲಿ ಬಂದ ನೀರು ಕೆಟ್ಟ ವಾಸನೆ ಹೊಡೆಯುತ್ತಿತ್ತು. ಅರ್ಧ ಬೀದಿಗೆ ಹೊಟ್ಟೆ ಕೆಟ್ಟಿತ್ತು. ಭಾನುವಾರ ನನಗೂ ಶುರುವಾಯಿತು. ಸೋಮವಾರ ಮಂಗಗಳ ಮಾದರಿ ತರುವ ದಿನ. "ರಜಾ ಹಾಕೇ, ಮುಖ ನೋಡ್ಕೋ ಕನ್ನಡೀಲಿ," ಅಂದರು ನಮ್ಮವರು. ಜೊತೆಗಿದ್ದ ಹುಡುಗಿ ಹೆರಿಗೆ ರಜೆಯಲ್ಲಿದ್ದಳು. ನಾನು ಹೋಗದಿದ್ದರೆ ಲೋಕ ನಿಂತುಹೋಗುತ್ತದೆ ಎಂಬ ಜಂಬ ನನಗೆ. ಹೋದೆ.

ಹದಿನಾರು ಡಬ್ಬಿ ತಂದೆ. ಮಂ ಒಂದರಿಂದ ಮಂ ಹದಿನಾರು. ಲ್ಯಾಬಿಗೆ ಬಂದ ಮೇಲೆ, ಹೇಗೂ ತಟ್ಟೆ ಸವರುತ್ತಿದ್ದೇನಲ್ಲ ಎಂದು ನನ್ನದನ್ನೂ ಒಂದು ಡಬ್ಬಿಗೆ ಹಾಕಿದೆ. ನಮ್ಮ ಕಸುಬಿನವರು ಯಾರು ಮಾಡಿಲ್ಲ ಹೇಳಿ? ಮನುಷ್ಯರ ಸಾಲಿನಲ್ಲಿಟ್ಟರೆ ಹೆಸರು, ವಯಸ್ಸು ಬರೆದು ಚೀಟಿ ಹಚ್ಚಬೇಕು. ನಾಳೆ ಕ್ಯಾಂಟೀನಿನಲ್ಲಿ ಎಲ್ಲರ ಮುಖ ಹೇಗೆ ನೋಡಲಿ? ಅದಕ್ಕೇ "ಮ ೧೭" ಎಂದು ಬರೆದು ಮಂಗಗಳ ಸಾಲಿನ ಕೊನೆಗೆ ಇಟ್ಟೆ. ಮಂಗಳವಾರ ಮುಚ್ಚಳ ತೆಗೆದು ನೋಡಿದರೆ ಹದಿನಾರೂ ಶುದ್ಧ. ಹದಿನೇಳರಲ್ಲಿ ಬಣ್ಣವಿಲ್ಲದ ಚುಕ್ಕೆಗಳು. ಉಳಿದ ಪರೀಕ್ಷೆಗಳಲ್ಲಿ ಅದು ಶಿಗೆಲ್ಲ ಎಂದು ಖಾತ್ರಿಯಾಯಿತು. ಅಭ್ಯಾಸಬಲದಿಂದ ಹದಿನೇಳನ್ನೂ ನನ್ನ ದಾಖಲೆ ಪುಸ್ತಕದಲ್ಲಿ ಬರೆದುಬಿಟ್ಟೆ.

ಗುರುವಾರ, ನಾನು ಮಾದರಿ ತಂದಿದ್ದ ನೀರಿನ ಟ್ಯಾಂಕಿನ ಬಳಿಯ ಗುಂಪಿನಲ್ಲಿ ಮಂಗಗಳು ಸೊರಗಿದವು. ಶುಕ್ರವಾರ ಶಾಲೆಯ ಮಕ್ಕಳು ರಕ್ತಭೇದಿಯಿಂದ ಮಲಗಿದರು. ಎಲ್ಲೆಲ್ಲೂ ಗಾಬರಿ, ವರದಿ ಬೇಕು, ಈಗಲೇ ಬೇಕು. ನಮ್ಮ ಟೈಪಿಸ್ಟ್ ನನ್ನ ಪುಸ್ತಕ ನೋಡಿಕೊಂಡು ಪಟ್ಟಿ ಮಾಡಿದಳು. ಒಳ್ಳೆಯ ಹುಡುಗಿ, ಯಾರ ತಪ್ಪಿದ್ದರೂ ಸದ್ದಿಲ್ಲದೆ ತಿದ್ದುವವಳು. ಸಂಜೆ ಬಂದು, "ಅಕ್ಕಾ, ಹದಿನೇಳನೇದಕ್ಕೆ ಸೊನ್ನೆ ಇಡೋದು ಮರ್ತಿದ್ರಿ. ನಾನೇ ಇಟ್ಟೆ, ಬಿಡಿ," ಅಂದಳು.

ನಾನು "ಸರಿ ಕಣಮ್ಮ" ಅಂದೆ.

ಅಷ್ಟೇ. ಸರಿ ಕಣಮ್ಮ. ಸೋಮವಾರವೇ ಒಂದು ಮಂಗನ ಹೊಟ್ಟೆಯಲ್ಲಿ ರೋಗಾಣು ಇತ್ತು, ಶುಕ್ರವಾರ ಮಕ್ಕಳಿಗೆ ಬಂತು ಎಂದು ವರದಿ ಹೇಳಿತು. ಮಂಗಗಳಿಂದಲೇ ಬಂತು ಎಂದಾಯಿತು. ಪೈಪಿನ ಕಡೆ ಯಾರೂ ಬಗ್ಗಿ ನೋಡಲಿಲ್ಲ. ಕಳ್ಳ ಸಿಕ್ಕ ಮೇಲೆ ಬಾಗಿಲಿನ ಬೀಗ ಯಾರು ನೋಡುತ್ತಾರೆ? ನಲವತ್ತಮೂರು ಮಂಗಗಳನ್ನು ಪಂಜರಕ್ಕೆ ಹಾಕಿ ದೂರದ ಕಾಡಿಗೆ ಸಾಗಿಸಿದರು. ಲಾರಿಯಲ್ಲಿ ಹೋಗಿದ್ದ ನಮ್ಮ ಅಟೆಂಡರಣ್ಣ ವಾಪಸ್ ಬಂದು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ಇಳಿಸಿ ಹೊರಟ್ವಿ ಅಕ್ಕಾ. ಕಾಡಿನ ಕಡೆ ಹೋಗ್ಲೇ ಇಲ್ಲ ಅವು. ಲಾರಿ ಹಿಂದೇನೇ ಓಡಿ ಬಂದ್ವು," ಅಂದ.

ಆಗಲೂ ನಾನು ಬಾಯಿ ಬಿಡಲಿಲ್ಲ. ಬಿಡಬೇಕಾದರೆ ಏನು ಹೇಳಬೇಕಿತ್ತು? ಇಷ್ಟು ಜನ ಅಧಿಕಾರಿಗಳ ಮುಂದೆ, ಆ ಮಲ ನನ್ನದು ಅನ್ನಬೇಕಿತ್ತು. ನಮ್ಮವರು ಎಷ್ಟು ಸಲ ಹೇಳಿದರು, "ಹೇಳ್ಬಿಡೇ. ಏನಾಗುತ್ತೆ? ನಗ್ತಾರೆ. ನಕ್ಕರೆ ಯಾರೂ ಸಾಯಲ್ಲ." ನಾಚಿಕೆ, ಸ್ವಾಮಿ. ಬರೀ ನಾಚಿಕೆ.

ಸರ್, ನೀವು ಕೈಸನ್ನೆ ಮಾಡುತ್ತಿದ್ದೀರಿ, ನೋಡಿದೆ. ಮುಗಿಸುತ್ತೇನೆ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಗಾದೆಯನ್ನು ನೀವು ಆಗಲೇ ಹೇಳಿದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು. ಕೋತಿಯದೇ ಇನ್ನೊಂದು ಗಾದೆ ಇದೆಯಲ್ಲ, ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ್ದು. ಇಲ್ಲಿ ತಿಂದವಳು ನಾನು. ಒರೆಸಿದ್ದು ಕೋತಿಯ ಬಾಯಿಗೆ.

ಇಷ್ಟೇ ಹೇಳಿ ಕೂರೋಣ ಅಂದುಕೊಂಡಿದ್ದೆ. ಸೊನ್ನೆಯ ತಪ್ಪು, ಗುಮಾಸ್ತಿಕೆಯ ತಪ್ಪು, ಯಾರಿಗಾದರೂ ಆಗುವಂಥದ್ದು ಎಂದು. ಆದರೆ ಅಲ್ಲಿಗೇ ನಿಲ್ಲಿಸಲಾಗುತ್ತಿಲ್ಲ.

ಟ್ಯಾಂಕಿನ ಗುಂಪಿನಲ್ಲಿ ಒಂದು ತಾಯಿ ಮಂಗ ಇತ್ತು. ಎಡಗಿವಿ ಅರ್ಧ ಇರಲಿಲ್ಲ, ಮೊಂಡುಕಿವಿ ಎಂದು ಕರೆಯುತ್ತಿದ್ದೆವು. ನಾನು ಕಂಡರೆ ಮರದಿಂದ ಇಳಿದು ಬರುತ್ತಿತ್ತು, ಅದರ ಹಿಂದೆ ಗುಂಪೆಲ್ಲ ಇಳಿಯುತ್ತಿತ್ತು. ಅದಕ್ಕೆ ನನ್ನ ಲಂಚ ಒಂದು ಬಾಳೆಹಣ್ಣು. ಇಡೀ ಹಣ್ಣು ಕೊಟ್ಟರೆ ದೊಡ್ಡ ಗಂಡು ಕಿತ್ತುಕೊಳ್ಳುತ್ತದೆ. ಹಾಗಾಗಿ ಸಿಪ್ಪೆ ಸುಲಿದು, ಚೂರು ಮಾಡಿ, ಕೈಯಿಂದ ಕೈಗೆ ಕೊಡುತ್ತಿದ್ದೆ. ಹಾಗೆ ಕೊಡಬಾರದೆಂದು ನಿಯಮವಿದೆ, ಆ ನಿಯಮವನ್ನು ಹೊಸಬರಿಗೆ ಕಲಿಸುತ್ತಿದ್ದವಳೂ ನಾನೇ. ಆ ಸೋಮವಾರವೂ ಕೊಟ್ಟೆ. ದಾರಿಯಲ್ಲಿ ಎರಡು ಸಲ ಪೊದೆಯ ಮರೆಗೆ ಹೋಗಬೇಕಾಗಿತ್ತು. ಟ್ಯಾಂಕಿರುವ ಗುಡ್ಡದ ಮೇಲೆ ನಲ್ಲಿ ಇಲ್ಲ. ಊರಿಗೆಲ್ಲ ಕೈ ತೊಳೆಯಿರಿ ಎಂದು ಹೇಳುವವಳು ಕರವಸ್ತ್ರಕ್ಕೆ ಒರೆಸಿಕೊಂಡು ಹಣ್ಣು ಸುಲಿದೆ. ಮೊಂಡುಕಿವಿ ತಾನು ಅರ್ಧ ತಿಂದು, ಉಳಿದದ್ದನ್ನು ಹೊಟ್ಟೆಗೆ ಅಂಟಿಕೊಂಡಿದ್ದ ಮರಿಯ ಬಾಯಿಗಿಟ್ಟಿತು. ಗುರುವಾರ ಮೊದಲು ಸೊರಗಿದ್ದು ಆ ತಾಯಿ. ಮೊದಲು ಸತ್ತದ್ದು ಆ ಮರಿ. ಸತ್ತ ಮೇಲೂ ತಾಯಿ ಅದನ್ನು ಮೂರು ದಿನ ಎತ್ತಿಕೊಂಡೇ ತಿರುಗುತ್ತಿತ್ತು, ನಾನು ಹೋದಾಗ ಎಂದಿನಂತೆ ಇಳಿದು ಬಂದು ಕೈ ಚಾಚಿತು.

ಹನ್ನೊಂದು ಮರಿಗಳು ಸತ್ತವು. ಇದನ್ನು ನಮ್ಮವರಿಗೂ ಹೇಳಿರಲಿಲ್ಲ. ಈಗ ತಲೆ ಎತ್ತಿ ನೋಡುತ್ತಿದ್ದಾರೆ.

ಮುಖ್ಯೋಪಾಧ್ಯಾಯಿನಿಯವರೇ, ಮಂಗಗಳು ಹೋಗಿ ಎರಡು ವರ್ಷವಾಯಿತಲ್ಲ, ಹಾಗಾದರೆ ಕಳೆದ ತಿಂಗಳು ನಿಮ್ಮ ಮಕ್ಕಳಿಗೆ ಮತ್ತೆ ಯಾಕೆ ಬಂತು? ಶಾಲೆಯ ಹಿಂದಿನ ಇನ್ನೊಂದು ಗುಂಪಿನಿಂದ ಎಂದು ಎಲ್ಲರೂ ಹೇಳುತ್ತಿದ್ದಾರೆ. ನನ್ನ ಹಳೆಯ ವರದಿಯನ್ನೇ ಮುಂದಿಟ್ಟುಕೊಂಡು ನಾಳೆ ಬೆಳಗ್ಗೆ ಆರಕ್ಕೆ ಅವನ್ನೂ ಹಿಡಿಯುತ್ತಾರೆ. ಪೈಪು ಇವತ್ತಿಗೂ ಚರಂಡಿಯ ಪಕ್ಕದಲ್ಲೇ ಇದೆ. ಇವತ್ತು ಬೆಳಗ್ಗೆಯೂ ನೋಡಿ ಬಂದೆ, ಜೋಡಣೆಯ ಹತ್ತಿರ ಚಿಂದಿ ಸುತ್ತಿದ್ದಾರೆ. ಮಂಗಗಳು ಹೋಗುತ್ತವೆ, ನಿಮ್ಮ ಮಕ್ಕಳು ಅದೇ ನೀರು ಕುಡಿಯುತ್ತಾರೆ.

ಸರ್, ದಯವಿಟ್ಟು ಪಂಜರದವರಿಗೆ ಫೋನ್ ಮಾಡಿ. ನಾಳೆ ಅಲ್ಲ, ಈಗ. ಈ ಸಂಜೆ ಐದೂವರೆಯವರೆಗೆ ನಾನು ನಿಮ್ಮ ಸಿಬ್ಬಂದಿ. ವಿಚಾರಣೆ ಮಾಡಿ, ಪಿಂಚಣಿ ತಡೆಹಿಡಿಯಿರಿ, ನಾನು ಇಲ್ಲ ಅನ್ನುವುದಿಲ್ಲ. ಅರಣ್ಯ ಇಲಾಖೆಯವರು ಪಕ್ಕದಲ್ಲೇ ಇದ್ದಾರೆ, ನೀವು ಒಂದು ಮಾತು ಹೇಳಿದರೆ ಸಾಕು. ಫೋನ್ ಕಿವಿಗಿಡುವವರೆಗೆ ನಾನು ಮೈಕು ಬಿಡುವುದಿಲ್ಲ. ವಂದನಾರ್ಪಣೆ ಮಾಡುವವರು ಸ್ವಲ್ಪ ಕುಳಿತುಕೊಳ್ಳಿ.

ಅಧಿಕಾರಿಗಳು ಎದ್ದರು. ಕಿವಿಗಿಟ್ಟರು. ಒಳ್ಳೆಯದು.

ಟೈಪಿಸ್ಟಮ್ಮಾ, ಯಾಕೆ ಅಳುತ್ತೀ, ನಿನ್ನ ತಪ್ಪಲ್ಲ ಅದು. ಪೆನ್ನು ತಗೋ. ಎಲ್ಲರೂ ಕೇಳುವ ಹಾಗೆ ಹೇಳುತ್ತೇನೆ, ಬರೆದುಕೋ. ವರದಿಗೆ ತಿದ್ದುಪಡಿ. ಡಬ್ಬಿ ಮ ಹದಿನೇಳು. ಸೊನ್ನೆ ಇಡಬೇಡ. ಹೆಂಗಸು. ಆಗಿನ ವಯಸ್ಸು ಐವತ್ತೆಂಟು. ಉದ್ಯೋಗ, ಇದೇ ಪ್ರಯೋಗಾಲಯ. ಹೆಸರಿನ ಜಾಗದಲ್ಲಿ ನನ್ನ ಹೆಸರು ಬರಿ, ಪೂರ್ತಿ ಬರಿ.

ಇಷ್ಟು ಹೊತ್ತು ನಗದೆ ಕೇಳಿದಿರಿ, ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.