ಅಲರ್ಜಿ: ಇಲ್ಲ

ಹಲೋ... ಹಾಂ, ವೇಣಿನೇ ಮಾತಾಡ್ತಿರೋದು. ನೀವ್ಯಾರು?

...

ಸಿದ್ಧಾರ್ಥ್... ಯಾವ ಸಿದ್ಧಾರ್ಥ್? ಓ, ನನ್ನ ಹಳೇ ಕಂಪನಿಯವ್ರಾ. ನಾನು ಬಿಟ್ಟು ಎರಡು ವರ್ಷ ಆಯ್ತಲ್ರೀ. ನಂಬರ್ ಎಲ್ಲಿ ಸಿಕ್ತು?

...

ಕೋಡ್ ಒಳಗಾ? ‘ಇದನ್ನ ಮುಟ್ಟೋ ಮುಂಚೆ ವೇಣಿಗೆ ಫೋನ್ ಮಾಡಿ’ ಅಂತ ನಾನೇ ಬರೆದಿದ್ನಾ... ಇರಬಹುದು. ನೀವು ಮುಟ್ಟಿದ ಮೇಲೆ ಮಾಡ್ತಿದೀರ, ಅಲ್ವಾ?

...

ಇಲ್ಲ, ಬೈತಿಲ್ಲ. ಬೈಯೋಕೂ ತ್ರಾಣ ಇಲ್ಲ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಬಸ್ಸು ನಿಂತು ಮುಕ್ಕಾಲು ಗಂಟೆ ಆಯ್ತು. ಹೇಳಿ, ಏನಾಗಿದೆ?

...

ಪೀಣ್ಯದ ಆಸ್ಪತ್ರೆದಾ... ಹಾಂ, ಗೊತ್ತು. ಯಾವ ಪೇಷೆಂಟ್‌ಗೆ ಯಾವ ಔಷಧಿ ಒಗ್ಗಲ್ಲ ಅಂತ ತೋರಿಸೋ ಸ್ಕ್ರೀನು. ಅದ್ರಲ್ಲಿ ‘ಅಲರ್ಜಿ: ಇಲ್ಲ’ ಅಂತ ಬರ್ತಿದೆಯಾ? ಎಲ್ರಿಗೂನಾ? ಬೆಳಗ್ಗೆ ಏನು ಬದಲಾಯಿಸಿದ್ರಿ?

...

ಮಾಹಿತಿ ಹುಡುಕಿಕೊಡೋಕೆ ನಾನು ಹಾಕಿದ್ದ ಆ ಹ್ಯಾಶ್ ಕ್ಲಾಸ್ ತೆಗೆದುಬಿಟ್ರಾ. ನಿಧಾನ ಅಂತ... ಮಾಮೂಲಿ ಹ್ಯಾಶ್ ಇಟ್ರಿ. ಅಯ್ಯೋ ದೇವ್ರೇ.

...

ಯಾಕಿತ್ತು ಅಂದ್ರೆ... ನೋಡಿ, ಅಲರ್ಜಿ ಅನ್ನೋ ಹೆಸರನ್ನ ಕೊಟೇಶನ್ ಒಳಗಿಟ್ಟು ಸ್ಟ್ರಿಂಗ್ ಆಗಿ ಕೇಳಿದ್ರೂ, ಮುಂದೆ ಕೋಲನ್ ಹಾಕಿ ಸಿಂಬಲ್ ಆಗಿ ಕೇಳಿದ್ರೂ ಆ ಕ್ಲಾಸು ಒಂದೇ ಮಾಹಿತಿ ಕೊಡೋದು. ನಮ್ಮ ಬೀದಿ ಪೋಸ್ಟ್‌ಮ್ಯಾನ್‌ಗೆ ವೇಣಿ ಮನೆ ಅಂದ್ರೂ ಚನ್ನಬಸಮ್ಮನ ಸೊಸೆ ಮನೆ ಅಂದ್ರೂ ಗೊತ್ತಾಗಲ್ವಾ, ಹಾಗೆ. ಮಾಮೂಲಿ ಹ್ಯಾಶ್‌ಗೆ ಅವೆರಡೂ ಬೇರೆ ಬೇರೆ. ಒಳಗೆ ತುಂಬಿರೋದು ಸ್ಟ್ರಿಂಗಲ್ಲಿ, ಸ್ಕ್ರೀನ್ ಕೇಳೋದು ಸಿಂಬಲ್ಲಲ್ಲಿ. ಸಿಗೋದು ಹೇಗೆ?

...

ಏನೂ ಅಳಿಸಿಹೋಗಿಲ್ಲ, ಎಲ್ಲ ಅಲ್ಲೇ ಇದೆ. ಈಗ ಕೋಡ್ ಬಿಡಿ. ನೀವೆಲ್ಲಿದೀರ?

...

ವಾರ್ಡಲ್ಲೇ ಇದೀರಾ? ಹಾಗಾದ್ರೆ ಸಿಸ್ಟರ್‌ಗೆ ಫೋನ್ ಕೊಡಿ. ನಿಮ್ಮ ಮ್ಯಾನೇಜರ್ ಭಾನುಪ್ರಕಾಶ್ ಏನಂತಾರೋ ಆಮೇಲೆ ನೋಡೋಣ. ಕೊಡ್ರೀ.

...

ಸಿಸ್ಟರ್, ನಾನು ವೇಣಿ ಅಂತ. ಆ ಸ್ಕ್ರೀನ್ ಮಾಡಿದವಳು. ಇವತ್ತು ಅದ್ರಲ್ಲಿ ‘ಇಲ್ಲ’ ಅಂತ ಬಂದ್ರೆ ನಂಬಬೇಡಿ.

...

ಯಾವತ್ತೂ ನಂಬಿಲ್ವಾ? ಪ್ರತಿಯೊಬ್ರನ್ನೂ ನೀವೇ ಬಾಯಿಬಿಟ್ಟು ಕೇಳ್ತೀರಾ, ಯಾವ ಔಷಧಿ ಆಗಲ್ಲ ಅಂತ?... ನಾಲ್ಕು ತಿಂಗಳು ನಿದ್ದೆಗೆಟ್ಟು ಮಾಡಿದ್ದೆ ಸಿಸ್ಟರ್, ನೀವು ನೋಡೋದೇ ಇಲ್ಲ ಅಂತೀರಿ. ಇವತ್ತು ನಂಗೆ ಅದೇ ಸಮಾಧಾನ.

...

ಮಾತಾಡೋಕಾಗದೋರಿಗೆ ಮಾತ್ರ ನೋಡ್ತೀರಾ... ಇವತ್ತು ಅಂಥವ್ರು ಯಾರಾದ್ರೂ ಇದಾರಾ?

...

ಪಿಳ್ಳಮ್ಮ. ಬಾಗಲಗುಂಟೆಯವ್ರು. ಜೊತೆಗೆ ಯಾರೂ ಬಂದಿಲ್ವಾ? ಡಾಕ್ಟ್ರು ಏನು ಬರೆದಿದಾರೆ?... ಪೆನ್ಸಿಲಿನ್. ಸಿರಿಂಜ್ ಕೈಯಲ್ಲೇ ಇದೆಯಾ? ಕೆಳಗಿಡಿ ಸಿಸ್ಟರ್. ಎರಡೇ ನಿಮಿಷ. ಫೋನ್ ಸಿದ್ಧಾರ್ಥ್‌ಗೆ ಕೊಡಿ.

...

ಸಿದ್ಧಾರ್ಥ್, ಪಿಳ್ಳಮ್ಮನ ದಾಖಲೆ ತೆಗೀರಿ. ಆ ಸ್ಕ್ರೀನಲ್ಲಿ ಅಲ್ಲ, ನಿಮ್ಮ ಲ್ಯಾಪ್‌ಟಾಪಲ್ಲಿ. ಸ್ಟ್ರಿಂಗ್ ಆಗಿ ಕೇಳಿ... ಏನು ಬಂತು?

...

ಇನ್ನೊಂದ್ಸಲ ಓದಿ.

...

ಪೆನ್ಸಿಲಿನ್ ಆಗಲ್ಲ. ಸಿಸ್ಟರ್‌ಗೆ ಕೂಗಿ ಹೇಳಿ. ಡಾಕ್ಟ್ರನ್ನ ಕರೆಸಿ, ಬೇರೆ ಔಷಧಿ ಬರೆಸ್ಕೊಳ್ಳಲಿ... ಹೇಳಿದ್ರಾ? ಸಿರಿಂಜ್ ಎಸೆದ್ರಾ?

...

ಹಾಂ... ಹಾಂ. ಪಿಳ್ಳಮ್ಮನ ಕೇಸ್ ಶೀಟ್ ಮೇಲೂ ಅದನ್ನ ಬರೆಸಿಬಿಡಿ.

...

ಅಳಬೇಡಿ. ಕೆಲಸ ಹೋಗುತ್ತೆ ಅಂತಾನಾ? ನಾನು ಹೇಳೋದು ಕೇಳಿ. ಹಳೇ ಕ್ಲಾಸ್ ವಾಪಸ್ ಹಾಕಿದ್ರೆ ಈ ಸ್ಕ್ರೀನು ಸರಿಹೋಗುತ್ತೆ, ಅಷ್ಟು ಮಾಡಿ. ಆದ್ರೆ ಮಾಹಿತಿ ಸಿಗದಿದ್ದಾಗ ಅದು ‘ಗೊತ್ತಿಲ್ಲ’ ಅನ್ಬೇಕಿತ್ತು. ‘ಇಲ್ಲ’ ಅಂತ ಬರಲಿ ಅಂತ ಬರೆದವಳು ನಾನು. ಹಳೇ ಕ್ಲಾಸಲ್ಲಿ ಹೇಗೆ ಕೇಳಿದ್ರೂ ಮಾಹಿತಿ ಸಿಕ್ಬಿಡ್ತಿತ್ತಲ್ಲ, ಇಷ್ಟು ವರ್ಷ ನನ್ನ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ನಂಗೂ ಇವತ್ತೇ ಗೊತ್ತಾಗಿದ್ದು.

...

ಬೇಡ, ಭಾನುಪ್ರಕಾಶ್ ಬಂದ್ರೆ ನೀವು ಕೈಕಟ್ಟಿ ನಿಲ್ಬೇಡಿ. ‘ಇಲ್ಲ’ ಅಂತ ತೋರಿಸೋ ಆ ಸಾಲು ವೇಣಿದು ಅನ್ನಿ. ನಾಳೆ ನಾನೇ ಬಂದು ಹೇಳ್ತೀನಿ... ಹಲೋ? ಸಿದ್ಧಾರ್ಥ್, ಕೇಳಿಸ್ತಾ? ನಿಮ್ಮೊಬ್ರ ತಪ್ಪಲ್ಲ ಅಂತ... ಹಲೋ...