ಮಂತ್ರಿ ಸಾಹೇಬರ ಪೇಟವೂ ನನ್ನ ಎರಡು ಮಾತೂ

ಅಲ್ಲ ಮಗಾ, ಅದಲ್ಲ, ಆ ಮೇಲಿನ ಸಾಲು ಇನ್ನೊಮ್ಮೆ ಓದು. ಇಂಗ್ಲಿಷಿನಲ್ಲೇ ಓದು, ನನಗೆ ಅರ್ಥ ಆಗ್ತದೆ. "ಮೈ ಗ್ರ್ಯಾಂಡ್‌ಫಾದರ್ ವಾಸ್ ಸೆಕ್ರೆಟರಿ ಟು ಎ ಬ್ರಿಟಿಷ್ ಮಿನಿಸ್ಟರ್." ಹ್ಞಾಂ, ಅದೇ. ಯಾರು ಹೇಳಿದ್ದು ನಿನಗೆ? ಅಮ್ಮನಾ? ಅವಳು ಹೇಳದೆ ಎಂತ ಮಾಡ್ತಾಳೆ, ಕಿವಿಯಾರೆ ಕೇಳಿದವಳು. ನಾಳೆ ನಿಮ್ಮ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ ಅಂತ ನನ್ನನ್ನು ಸ್ಟೇಜಿನಲ್ಲಿ ಕೂರಿಸಿ ನೀನು ಇದನ್ನು ಮೈಕಿನಲ್ಲಿ ಓದುದಾ? ಬೇಡ ಮಾರಾಯ್ತಿ. ಬಾ ಇಲ್ಲಿ, ಮೆಟ್ಟಿಲ ಮೇಲೆ ಕೂತ್ಕೋ. ತಡಿ, ವಿಮಾನ ಹೋಗ್ಲಿ. ದುಬೈ ಏರ್‌ಪೋರ್ಟಿನ ಬುಡದ ಈ ಮಿರ್ದಿಫಿನಲ್ಲಿ ಒಂದು ಮಾತು ಪೂರ್ತಿ ಆಡ್ಲಿಕ್ಕೆ ವಿಮಾನ ಬಿಡುದಿಲ್ಲ. ಹ್ಞಾಂ, ಹೋಯ್ತು. ನಾನು ಸೆಕ್ರೆಟರಿ ಅಲ್ಲ ಅದಿತಿ. ನಾನು ಅವರ ಡ್ರೈವರ್. "ವಾಟ್?" ಅಂತ ಕಣ್ಣು ಬಿಡ್ಬೇಡ. ಡ್ರೈವರ್. ಹೇಳುವಾಗ ಈಗಲೂ ನನ್ನ ಕಿವಿ ಬಿಸಿ ಆಗ್ತದೆ, ಮುಟ್ಟಿ ನೋಡು ಬೇಕಾದ್ರೆ.

ಲೋಕದ ಬ್ಯಾಂಕೆಲ್ಲ ಮುಳುಗಿದ ಆ ವರ್ಷ ದುಬೈ ಮಲಗಿತ್ತು ಗೊತ್ತುಂಟಾ. ಈಗ ನೋಡಿದ್ರೆ ನೀನು ನಂಬುದಿಲ್ಲ. ಎಲ್ಲಿ ನೋಡಿದ್ರೂ ಅರ್ಧ ಕಟ್ಟಿದ ಬಿಲ್ಡಿಂಗು, ಮೇಲೆ ಕ್ರೇನು ಕೈ ಎತ್ತಿ ನಿಂತದ್ದು ನಿಂತೇ. ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಜನ ಕಾರು ಬಿಟ್ಟು ಊರಿಗೆ ಓಡಿದ್ರಂತೆ ಅಂತ ದಿನಾ ಒಂದು ಸುದ್ದಿ. ನಾನು ಒಂದು ಕಟ್ಟಡದ ಕಂಪೆನಿಯಲ್ಲಿ ಸ್ಟೋರ್ ಸೂಪರ್‌ವೈಸರ್. ನನ್ನ ಕೈಕೆಳಗೆ ಜನ ಇದ್ರು, ನನಗೆ ಟೇಬಲ್ ಇತ್ತು, ಮೇಲೆ ಫ್ಯಾನ್, ಅಲ್ಲ, ಫ್ಯಾನ್ ಅಲ್ಲ, ಏಸಿಯೇ ಇತ್ತು. ಒಂದು ದಿನ ಮ್ಯಾನೇಜರ್ ಕರೆದು ಹೇಳಿದ, "ಖಲಾಸ್, ಶೇಖರ್." ಅಷ್ಟೇ. ವೀಸಾ ಕ್ಯಾನ್ಸಲ್. ನಿನ್ನ ಅಜ್ಜಿ ಇಲ್ಲೇ ದುಬೈಯ ಅಲ್ ಮುರಕ್ಕಬಾತಿನಲ್ಲಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ನಿನ್ನ ಅಮ್ಮ ಅವಳ ವೀಸಾದಲ್ಲಿ ಇಲ್ಲೇ ಶಾಲೆಗೆ ಹೋಗ್ತಿದ್ಳು. ಮೂರು ಸಂಸಾರಕ್ಕೆ ಒಂದು ಫ್ಲ್ಯಾಟು, ನಮಗೆ ಅದರಲ್ಲಿ ಒಂದು ರೂಮು. ಅಜ್ಜಿ ಡ್ಯೂಟಿಗೆ ಹೋಗುದು, ಮಗಳು ಶಾಲೆಗೆ ಹೋಗುದು, ನಾನು ಅಡುಗೆಮನೆಯಲ್ಲಿ ಬೇರೆ ಹೆಂಗಸರ ಮಧ್ಯೆ ನಿಂತು ಕುಚ್ಚಲಕ್ಕಿ ಅನ್ನ ಬೇಯ್ಲಿಕ್ಕೆ ಕಾಯುದು. ಅವರು ಒಳ್ಳೆಯವರೇ, ಏನೂ ಹೇಳ್ತಿರಲಿಲ್ಲ. ಹೇಳದೆ ಇದ್ದದ್ದೇ ನನಗೆ ಚುಚ್ಚುದು.

ಆಗ ಯಾರೋ ಹೇಳಿದ್ರು, ಅಬುಧಾಬಿಯಲ್ಲಿ ಒಬ್ಬ ಬ್ರಿಟಿಷ್ ಸಾಹೇಬ್ರಿಗೆ ಜನ ಬೇಕಂತೆ, ಆಫೀಸಿನ ಕೆಲಸ ಆಗಿರ್ಬಹುದು ಅಂತ. ನಾನು ಟೈ ಕಟ್ಟಿ ಹೋದೆ. ಹೋದ್ರೆ, ಎತ್ತರದ ಮುದುಕ್ರು, ಬೆನ್ನು ನೆಟ್ಟಗೆ, ತಾವೇ ಬಾಗಿಲು ತೆಗೆದ್ರು, ತಾವೇ ಚಾ ಮಾಡಿ ಕೊಟ್ರು. ನೌಕಾಪಡೆಯಲ್ಲಿ ಕ್ಯಾಪ್ಟನ್ ಆಗಿದ್ದವರು, ಆಮೇಲೆ ಅವರ ದೇಶದಲ್ಲಿ ಮಂತ್ರಿ ಆಗಿದ್ದವರು, ಈಗ ಇಲ್ಲಿ ಬಂದರಿನವರಿಗೆ ಸಲಹೆ ಕೊಡ್ಲಿಕ್ಕೆ ಬಂದವರು. ನನ್ನ ಟೈ ನೋಡಿ ಸ್ವಲ್ಪ ಸಂಕೋಚದಲ್ಲೇ ಕೇಳಿದ್ರು, "ಶೇಖರ್, ನನಗೆ ಬೇಕಾದ್ದು ಡ್ರೈವರ್. ನಿಮಗೆ ಆಗ್ತದಾ?" ನಾನು, "ಆಗ್ತದೆ ಸರ್." ಹೊರಗೆ ಬಂದು ಅಜ್ಜಿಗೆ ಫೋನ್ ಮಾಡಿದೆ. "ಕೆಲಸ ಸಿಕ್ಕಿತು ಮಾರಾಯ್ತಿ, ಬ್ರಿಟಿಷ್ ಮಂತ್ರಿಯ ಹತ್ತಿರ!" ಅವಳು, "ದೇವರು ದೊಡ್ಡವನು. ಎಂತ ಕೆಲಸ?" ನಾನು, "ಸೆಕ್ರೆಟರಿ ಹಾಗೆ." ಆ "ಹಾಗೆ" ಉಂಟಲ್ಲ ಮಗಾ, ಅದನ್ನು ನಾನು ಮೆಲ್ಲ ಹೇಳಿದ್ದು. ಫೋನಿನಲ್ಲಿ ಕೇಳಿತೋ ಇಲ್ವೋ.

ಕ್ಯಾಪ್ಟನ್ ಸಾಹೇಬ್ರು ಹಿಂದೆ ಕೂರುದಿಲ್ಲ, ನನ್ನ ಪಕ್ಕದಲ್ಲೇ ಕೂರುದು. ಅಬುಧಾಬಿಯಿಂದ ದುಬೈಗೆ ಬರುವ ದಾರಿಯಲ್ಲಿ ಎಂತ ಉಂಟು ನೋಡ್ಲಿಕ್ಕೆ, ಮರಳು, ಮತ್ತೆ ಮರಳು. ಹಾಗೆ ಕಥೆ ಹೇಳ್ತಿದ್ರು. ಹುಡುಗ ಆಗಿದ್ದಾಗಲೇ ನೌಕಾಪಡೆಗೆ ಸೇರಿ ಸಣ್ಣ ಹಡಗಿನಲ್ಲಿ ಇದೇ ಸಮುದ್ರಕ್ಕೆ ಬಂದಿದ್ರಂತೆ, ಆಗ ದುಬೈ ಅಂದ್ರೆ ಆ ಕ್ರೀಕು, ಅದರ ದಡದಲ್ಲಿ ನಾಲ್ಕು ಮನೆ. ಆಮೇಲೆ ದೊಡ್ಡ ಹಡಗಿಗೆ ಕ್ಯಾಪ್ಟನ್. ಒಂದು ಮಂಜಿನ ಬೆಳಿಗ್ಗೆ ಹಡಗನ್ನು ಮರಳದಿಣ್ಣೆಗೆ ಹತ್ತಿಸಿದ್ರು. ವಿಚಾರಣೆ ಆಯ್ತು. "ತಪ್ಪು ಯಾರದ್ದು ಅಂತ ಕೇಳಿದ್ರು, ನನ್ನದೇ ಅಂದೆ, ಹಡಗು ನನ್ನದಲ್ವಾ" ಅಂತ ನಗ್ತಿದ್ರು. ಆಮೇಲೆ ಸಮವಸ್ತ್ರ ಬಿಚ್ಚಿಟ್ಟು ಮನೆ ಮನೆ ತಿರುಗಿ ವೋಟು ಕೇಳಿ ಗೆದ್ದು, ಬಂದರಿನ ಖಾತೆಗೆ ಮಂತ್ರಿ. ಅವರ ಪಾರ್ಲಿಮೆಂಟಿನಲ್ಲಿ ಒಮ್ಮೆ ಯಾರೋ ಕೇಳಿದ್ರಂತೆ, ಇಂಥಾ ಊರಿನ ಜೆಟ್ಟಿ, ಹಡಗು ಬಂದು ನಿಲ್ಲುವ ಕಟ್ಟೆ, ಗಟ್ಟಿ ಉಂಟಾ, ಪರೀಕ್ಷೆ ಮಾಡಿದ್ದೀರಾ ಅಂತ. ಆಫೀಸರುಗಳು ಬರೆದುಕೊಟ್ಟದ್ದನ್ನು ಇವರು ಎದ್ದು ನಿಂತು ಓದಿದ್ರು, "ಮಾಡಿದ್ದೇವೆ." ಆಮೇಲೆ ಗೊತ್ತಾಯ್ತು, ಪರೀಕ್ಷೆ ಆಗಿರ್ಲೇ ಇಲ್ಲ ಅಂತ. ಯಾರೂ ಮತ್ತೆ ಕೇಳ್ಲಿಲ್ಲ. ಇವರೂ ಸುಮ್ಮನಾದ್ರು. ಕೆಲವು ದಿನ ಕಳೆದ ಮೇಲೆ ನಿದ್ದೆ ಬರದೆ, ಅದೇ ಜಾಗದಲ್ಲಿ ಎದ್ದು ನಿಂತು, "ನಾನು ಹೇಳಿದ್ದು ಸುಳ್ಳು" ಅಂದ್ರು, ರಾಜೀನಾಮೆ ಕೊಟ್ರು. ಅಲ್ಲಿ ಹಾಗೆ ಕ್ರಮ ಅಂತೆ, ಎಲ್ಲಿ ನಿಂತು ತಪ್ಪು ಹೇಳಿದ್ಯೋ ಅಲ್ಲೇ ನಿಂತು ಸರಿ ಮಾಡ್ಬೇಕು. "ಹಡಗು ಮರಳಿಗೆ ಹತ್ತಿದಾಗ ನನಗೆ ಇಷ್ಟು ನಾಚಿಕೆ ಆಗ್ಲಿಲ್ಲ ಶೇಖರ್. ಗೊತ್ತಿದ್ದೂ ಸುಮ್ಮನೆ ಕೂತೆನಲ್ಲ, ಆ ದಿನಗಳದ್ದೇ ನಾಚಿಕೆ." ನಾನು ಸ್ಟೇರಿಂಗ್ ಹಿಡಿದು "ಯೆಸ್ ಸರ್, ಯೆಸ್ ಸರ್" ಅಂತಿದ್ದೆ. ವಾರ ಪೂರ್ತಿ ಅಬುಧಾಬಿಯಲ್ಲೇ ಇದ್ದು, ಶುಕ್ರವಾರ ರಜೆಗೆ ಅದೇ ಬಾಯಲ್ಲಿ ದುಬೈಯ ಮನೆಗೆ ಹೋಗಿ, "ಆಫೀಸಿನಲ್ಲಿ ತುಂಬ ಕೆಲಸ" ಅಂತಿದ್ದೆ.

ಈಗ ಸದಾನಂದಣ್ಣನ ಕಥೆ ಹೇಳ್ಬೇಕು. ನಮ್ಮ ಊರಿನವರ ಒಂದು ಸಣ್ಣ ಸಂಘ ಇತ್ತು, ಅದಕ್ಕೆ ಅವನು ಕಾರ್ಯದರ್ಶಿ. ಮೈಕ್ ಸಿಕ್ಕಿದ್ರೆ ಬಿಡುವ ಜನ ಅಲ್ಲ. ಅವನಿಗೆ ನನ್ನ ಸಾಹೇಬ್ರ ಸುದ್ದಿ ಸಿಕ್ಕಿತು. "ಶೇಖರಣ್ಣ, ಬ್ರಿಟಿಷ್ ಮಂತ್ರಿ ನಮ್ಮ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ! ನೀವು ಕರ್ಕೊಂಡು ಬರಲೇಬೇಕು." ಸಾಹೇಬ್ರು ಪಾಪ ಕೂಡಲೇ ಒಪ್ಪಿದ್ರು. ಸದಾನಂದಣ್ಣ ಕೇಳಿದ, "ಮಂತ್ರಿಗಿರಿ ಯಾಕೆ ಬಿಟ್ಟದ್ದು ಅವರು?" ನಾನು, "ವಯಸ್ಸಾಯ್ತಲ್ವಾ." ಅಷ್ಟೇ ಹೇಳಿದ್ದು. ಉಳಿದದ್ದನ್ನು ಅವನೇ ಬೆಳೆಸಿದ. ನಿನಗೆ ಗೊತ್ತಿಲ್ಲ, ನಮ್ಮವರ ಸನ್ಮಾನ ಅಂದ್ರೆ ಒಂದು ಕ್ರಮ ಉಂಟು. ಶಾಲು ಹಾಕ್ಬೇಕು, ತಲೆಗೆ ಮೈಸೂರು ಪೇಟ ಇಡ್ಬೇಕು, ಹಾರ, ಹಣ್ಣಿನ ಬುಟ್ಟಿ, ಮತ್ತೆ ಅತಿಥಿಯ ಪರಿಚಯ. ಪರಿಚಯ ಅಂದ್ರೆ ಇದ್ದದ್ದು ಹೇಳುದಲ್ಲ, ಇದ್ದದ್ದಕ್ಕೆ ಒಗ್ಗರಣೆ ಹಾಕುದು. ಹಾಕದಿದ್ರೆ ಅತಿಥಿಗೆ ಅವಮಾನ ಅಂತ ನಮ್ಮ ಲೆಕ್ಕ.

ಮುರಕ್ಕಬಾತಿನ ಒಂದು ಹೋಟೆಲಿನ ಹಾಲ್. ಎದುರಿನ ಸಾಲಿನಲ್ಲಿ ನಿನ್ನ ಅಜ್ಜಿ, ಒಳ್ಳೆ ಸೀರೆ ಉಟ್ಟು, ಪಕ್ಕದಲ್ಲಿ ನಿನ್ನ ಅಮ್ಮ, ಆಗ ಹೈಸ್ಕೂಲು. ಸ್ಟೇಜಿನ ಮೇಲೆ ಸಾಹೇಬ್ರು, ಅವರ ಪಕ್ಕ ನಾನು, ಕನ್ನಡ ಇಂಗ್ಲಿಷ್ ಮಾಡಿ ಕಿವಿಯಲ್ಲಿ ಹೇಳ್ಲಿಕ್ಕೆ. ಸದಾನಂದಣ್ಣ ಶುರು ಮಾಡಿದ. "ಏಳು ಸಮುದ್ರ ಗೆದ್ದ ಮಹಾಶೂರ!" ಸಾಹೇಬ್ರು ಬಗ್ಗಿ ಕೇಳ್ತಾರೆ, "ಏನಂತೆ?" ನಾನು, "ನೀವು ತುಂಬ ಹಡಗು ಓಡಿಸಿದ್ದೀರಂತೆ ಸರ್." "ಶತ್ರುಗಳ ಸಿಂಹಸ್ವಪ್ನ! ಮಂತ್ರಿಯಾಗಿ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲದ ಜೀವನ!" "ಏನಂತೆ?" ನಾನು ಅದನ್ನು ಇದ್ದ ಹಾಗೆ ಹೇಳಿಬಿಟ್ಟೆ, ಎಂತ ಮಾಡುದು, ಬೇರೆ ಹೊಳೆಯಲಿಲ್ಲ. ಅವರ ಬಿಳಿ ಕಿವಿ ಕೆಂಪಾಯ್ತು. ಆಮೇಲೆ ಸದಾನಂದಣ್ಣ ನನ್ನ ಕಡೆ ಕೈ ತೋರಿಸಿ, "ಇಂಥಾ ಮಹನೀಯರ ಪರ್ಸನಲ್ ಸೆಕ್ರೆಟರಿ ನಮ್ಮವರೇ, ನಮ್ಮ ಊರಿನ ಶೇಖರಣ್ಣ, ಜೋರಾದ ಚಪ್ಪಾಳೆ!" ಅಂದ. ಅಯ್ಯೋ, ಚಪ್ಪಾಳೆಯೋ ಚಪ್ಪಾಳೆ. ನಿನ್ನ ಅಮ್ಮ ಎದ್ದು ನಿಂತು ತಟ್ಟಿದ್ಳು. ಈ ಸಲ ಸಾಹೇಬ್ರು ಏನಂತೆ ಅಂತ ಕೇಳ್ಲಿಲ್ಲ. ಪರ್ಸನಲ್ ಸೆಕ್ರೆಟರಿ ಅಂತ ಅವನು ಇಂಗ್ಲಿಷಿನಲ್ಲೇ ಹೇಳಿದ್ದಲ್ವಾ.

ಶಾಲು ಹೊದೆಸಿದ್ರು, ಪೇಟ ಇಟ್ರು. ಸಾಹೇಬ್ರು ಮೈಕಿನ ಎದುರು ನಿಂತು, ಮೊದಲು ಪೇಟವನ್ನು ಎರಡು ಕೈಯಲ್ಲಿ ತೆಗೆದು ಮೇಜಿನ ಮೇಲೆ ಇಟ್ರು, ಮೆಲ್ಲಗೆ, ಮಗುವನ್ನು ಮಲಗಿಸಿದ ಹಾಗೆ. "ಇದಕ್ಕೆ ನಾನು ತಕ್ಕವನಲ್ಲ" ಅಂತ ಶುರು ಮಾಡಿ ಎಲ್ಲ ಹೇಳಿದ್ರು ಮಗಾ. ಹಡಗು ಮರಳಿಗೆ ಹತ್ತಿದ್ದು ಹೇಳಿದ್ರು, ಜೆಟ್ಟಿಯ ಸುಳ್ಳು ಹೇಳಿದ್ರು, ಸುಮ್ಮನೆ ಕೂತದ್ದನ್ನೂ ಹೇಳಿದ್ರು. "ನೀವು ಹೊಗಳುವಾಗ ನಾನು ಸುಮ್ಮನೆ ಕೂತಿದ್ರೆ ಅದು ಎರಡನೇ ಸಲ ಆಗ್ತಿತ್ತು" ಅಂದ್ರು. ಮತ್ತೆ ನನ್ನ ಕಡೆ ತಿರುಗಿ, "ನನ್ನ ಸ್ನೇಹಿತ ಶೇಖರ್ ಈಗ ಎರಡು ಮಾತಾಡ್ತಾರೆ" ಅಂತ ಹೇಳಿ ಮೈಕ್ ಬಿಟ್ಟು ಪಕ್ಕಕ್ಕೆ ನಿಂತ್ರು. ಡ್ರೈವರ್ ಅಂತ ಅವರೇ ಹೇಳ್ಬಹುದಿತ್ತು. ಹೇಳ್ಲಿಲ್ಲ. ನನ್ನ ಬಾಯಿಗೇ ಬಿಟ್ರು.

ನಾನು ಮೈಕಿನ ಎದುರು ನಿಂತೆ. ಎದುರು ನೋಡ್ತೇನೆ, ನಿನ್ನ ಅಮ್ಮ ಪಕ್ಕದ ಹುಡುಗಿಯ ಕಿವಿಯಲ್ಲಿ, "ನಮ್ಮಪ್ಪ" ಅಂತಿದ್ದಾಳೆ. ಬಾಯಿ ತೆಗೆದೆ. ನಾನು ಎಂತ ಹೇಳಿದೆ ಗೊತ್ತುಂಟಾ? "ಎಲ್ಲರಿಗೂ ನಮಸ್ಕಾರ. ಹೊರಗೆ ಊಟ ಉಂಟು, ಯಾರೂ ಹಾಗೇ ಹೋಗ್ಬೇಡಿ." ಅಷ್ಟೇ. ಎರಡು ಮಾತು. ನಗ್ಬೇಡ ಮಗಾ. ಅಲ್ಲ, ನಗು, ನಗುವಂಥದ್ದೇ. ವಾಪಸ್ ಹೋಗುವಾಗ ಕಾರಿನಲ್ಲಿ ಪೇಟ ಅವರ ತೊಡೆಯ ಮೇಲೆ ಇತ್ತು. ತುಂಬ ದೂರ ಬಂದ ಮೇಲೆ ಕೇಳಿದ್ರು, "ಮೈಕಿನಲ್ಲಿ ಏನು ಹೇಳಿದ್ರಿ ಶೇಖರ್?" "ಊಟ ಉಂಟು ಅಂತ ಹೇಳಿದೆ ಸರ್." "ಹೌದು," ಅಂದ್ರು, "ಊಟ ಚೆನ್ನಾಗಿತ್ತು." ಬೈದಿದ್ರೆ ಆಗ್ತಿತ್ತು ನನಗೆ. ಒಂದು ಬೈಗುಳ ಸಹ ಇಲ್ಲ, ಅದರ ಮೇಲೆಯೂ ನನ್ನ ಪಕ್ಕದಲ್ಲೇ ಕೂತ್ರು, ತಮ್ಮ ದೇಶಕ್ಕೆ ಹೋಗುವವರೆಗೂ. ಈಗ ಇದ್ದಾರೋ ಇಲ್ವೋ.

ಅವರು ಹೋದ ಮೇಲೆ ದುಬೈಯಲ್ಲಿ ನನಗೆ ಪುನಃ ಸ್ಟೋರಿನ ಕೆಲಸ ಸಿಕ್ಕಿತು. ಅಜ್ಜಿಗೆ ಹೇಳಿದೆ, "ಇನ್ನು ಇಲ್ಲೇ, ಒಳಗೆ ಕೂತು ಮಾಡುವ ಕೆಲಸ." ಅವಳು ನನ್ನ ಬಟ್ಟೆ ಮಡಚ್ತಾ ಇದ್ದವಳು ತಲೆ ಎತ್ತದೆ ಹೇಳಿದ್ಳು, "ಒಳ್ಳೇದಾಯ್ತು. ಇನ್ನು ಎಡಗೈ ಸಹ ಬಿಳಿ ಆಗ್ತದೆ." ಅರ್ಥ ಆಯ್ತಾ ನಿನಗೆ? ಇಲ್ಲಿ ಡ್ರೈವರಿನ ಕಿಟಕಿ ಎಡಕ್ಕಲ್ವಾ, ಬಿಸಿಲು ಬೀಳುದು ಎಡಗೈಗೆ. ನನ್ನ ಎಡಗೈ ಮಾತ್ರ ಕಪ್ಪು, ಬಲಗೈ ಬೇರೆಯೇ ಬಣ್ಣ. ನರ್ಸಿನ ಕಣ್ಣು. ಮೊದಲ ಶುಕ್ರವಾರದಿಂದ ಗೊತ್ತಿತ್ತು ಅವಳಿಗೆ. ಗೊತ್ತಿದ್ದೂ ಒಳ್ಳೆ ಸೀರೆ ಉಟ್ಟು ಎದುರಿನ ಸಾಲಿನಲ್ಲಿ ಕೂತಿದ್ಳು, ನಾನು ಈಗ ಹೇಳ್ತೇನೆ, ಈಗ ಹೇಳ್ತೇನೆ ಅಂತ ಕಾದು. ನಾನು ಊಟ ಉಂಟು ಅಂದೆ.

ಎಂತ? ಒಳಗಿಂದ ಎಂತ ಹೇಳ್ತಾಳೆ ಅಜ್ಜಿ? "ಚಾ ಆರ್ತದೆ, ಕಥೆ ಸಾಕು" ಅಂತೆ. ಕೇಳಿಸ್ಕೊಂಡಿದ್ದಾಳೆ ಎಲ್ಲ. "ಬಟ್ ಅಜ್ಜ, ಸೆಕ್ರೆಟರಿ ಸೌಂಡ್ಸ್ ಬೆಟರ್" ಅಂತಿಯಾ? ಹೌದು ಮಗಾ, ಬೆಟರೇ. ಅದಕ್ಕೇ ಇಷ್ಟು ವರ್ಷ ಉಳಿದದ್ದು ಅದು. ಆದ್ರೆ ನನಗೆ ಇನ್ನೊಮ್ಮೆ ಸ್ಟೇಜು ಸಿಗ್ತದೆ ಅಂತ ನಾನು ಎಣಿಸಿರಲಿಲ್ಲ. ಅಳಿಸು ಅದನ್ನು, ಡ್ರೈವರ್ ಅಂತ ಬರೆ, ದೊಡ್ಡ ಅಕ್ಷರದಲ್ಲಿ. ಅದೋ ಗೇಟಿನ ಶಬ್ದ, ಅಮ್ಮ ಬಂದ್ಳು ಆಫೀಸಿನಿಂದ. ನೀನು ಸುಮ್ಮನಿರು, ಅವಳಿಗೆ ನಾನೇ ಹೇಳ್ಬೇಕು, ಅಂದು ಎದ್ದು ನಿಂತು ಚಪ್ಪಾಳೆ ತಟ್ಟಿದವಳು. ಹಳಸಿದ ಸಾರು ಹಳಸಿತು ಅಂತ ಗೊತ್ತಾದ ಕೂಡಲೇ ಚೆಲ್ಬೇಕು ಮಗಾ, ಮುಚ್ಚಿಟ್ರೆ ಪಾತ್ರೆಯೂ ನಾರ್ತದೆ. ಸೌಮ್ಯಾ, ಬ್ಯಾಗು ಆಮೇಲೆ ಇಡು, ಬಾ ಇಲ್ಲಿ, ಒಂದು ನಿಮಿಷ ಕೂತ್ಕೋ.